ಎಲೆ ಎಷ್ಟು ಹಾಕ್ಬೇಕು? ಲಿಸ್ಟ್ ಹುಟ್ಟಿದ ಕಥೆ, ಹತ್ತು ಭಾಗಗಳಲ್ಲಿ

ಭಾಗ 1/10: ಒಂದೇ ಹೆಸರು, ಎರಡು ವಸ್ತು

ಫ್ರೆಂಡ್ಸ್, ಪೈಥಾನ್ ಕ್ಲಾಸಲ್ಲಿ ‘ಲಿಸ್ಟ್’ ಕಲಿತಿದ್ದೀರಿ. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಲ್ಲಿ ‘ಲಿಂಕ್ಡ್ ಲಿಸ್ಟ್’ ಅಂತ ಬಾಣದ ಗುರುತು ಹಾಕಿ ಡಬ್ಬಿ ಬರೆದಿದ್ದೀರಿ. ಎರಡಕ್ಕೂ ಹೆಸರು ಲಿಸ್ಟ್. ಆದ್ರೆ ಒಳಗೆ ಎರಡೂ ಬೇರೆ ಬೇರೆ. ಪೈಥಾನ್ ಲಿಸ್ಟಿನೊಳಗೆ ಆ ಬಾಣದ ಸರಪಳಿ ಇಲ್ಲವೇ ಇಲ್ಲ! ಹಾಗಾದ್ರೆ ಹೆಸರು ಯಾಕೆ ಒಂದೇ?

ಅದಕ್ಕೆ ಉತ್ತರ ಇತಿಹಾಸದಲ್ಲಿದೆ. ಆ ಇತಿಹಾಸ ಗೊತ್ತಾದ್ರೆ ಲಿಸ್ಟಿನ ಬೇಸಿಕ್ಸ್ ಬಾಯಿಪಾಠ ಮಾಡೋದೇ ಬೇಡ. ಇಂಡೆಕ್ಸ್ ಯಾಕೆ ಸೊನ್ನೆಯಿಂದ ಶುರು, ಕೊನೆಗೆ ಸೇರಿಸೋದು ಯಾಕೆ ಸುಲಭ, ಮೊದಲಿಗೆ ಸೇರಿಸೋದು ಯಾಕೆ ನಿಧಾನ, ಒಂದು ಲಿಸ್ಟ್ ಬದಲಾಯಿಸಿದ್ರೆ ಇನ್ನೊಂದು ಯಾಕೆ ತಾನಾಗಿ ಬದಲಾಗುತ್ತೆ, ಎಲ್ಲಕ್ಕೂ ಕಾರಣ ಒಂದೇ ಕಡೆ ಸಿಗುತ್ತೆ.

ಆ ಕಥೆಯ ಮೂಲದಲ್ಲಿರೋ ಪ್ರಶ್ನೆ ನಮ್ಮ ಮದುವೆಮನೆ ಊಟದ್ದು. ಪಂಕ್ತಿಗೆ ಎಲೆ ಹಾಕೋರ ತಲೆಬಿಸಿ ಏನು? ‘ಎಷ್ಟು ಜನ ಬರ್ತಾರೆ?’ ಜಾಸ್ತಿ ಹಾಕಿದ್ರೆ ಎಲೆ ದಂಡ. ಕಮ್ಮಿ ಹಾಕಿದ್ರೆ ಬಂದವರಿಗೆ ಜಾಗ ಇಲ್ಲ. ಕಂಪ್ಯೂಟರ್ ಮೆಮೊರಿಗೂ ಇದೇ ಕಷ್ಟ. ಎಷ್ಟು ಬರುತ್ತೆ ಅಂತ ಮೊದಲೇ ಗೊತ್ತಿಲ್ಲದಿದ್ದಾಗ ಜಾಗ ಹೇಗೆ ಇಡೋದು? ಸುಮಾರು ಎಪ್ಪತ್ತು ವರ್ಷದಿಂದ ಜನ ಇದಕ್ಕೆ ಉತ್ತರ ಕೊಡ್ತಾನೇ ಬಂದಿದ್ದಾರೆ.

ಓದುವಾಗ ಒಂದು ಕೆಲಸ ಮಾಡಿ. ಪೈಥಾನ್ 3 ತೆರೆದು ಇದನ್ನ ಹಾಗೇ ಟೈಪ್ ಮಾಡಿ:

ಚೀಟಿ = ["ಅಕ್ಕಿ", "ಬೇಳೆ", "ಬೆಲ್ಲ"]

ಎರರ್ ಬರಲ್ಲ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೂ ಇಡಬಹುದು. ಇದೇ ದಿನಸಿ ಚೀಟಿ ಕೊನೆಯ ಭಾಗದ ತನಕ ನಮ್ಮ ಜೊತೆ ಬರುತ್ತೆ. ಸೇವ್ ಮಾಡ್ಕೊಳ್ಳಿ 👇

ಭಾಗ 2/10: ‘ಮೊದಲೇ ಹೇಳಿಬಿಡಿ’

ಮೊದಲನೇ ಉತ್ತರ ತುಂಬಾ ನೇರ: ಎಷ್ಟು ಜನ ಅಂತ ನೀವೇ ಮೊದಲು ಹೇಳಿ, ಅಷ್ಟು ಎಲೆ ಸಾಲಾಗಿ ಹಾಕ್ತೀವಿ.

1957ರಲ್ಲಿ ಐಬಿಎಂ ಕಂಪನಿ ಫೋರ್ಟ್ರಾನ್ ಭಾಷೆಯನ್ನ ಹೊರಗೆ ಬಿಟ್ಟಿತು. ಜಾನ್ ಬ್ಯಾಕಸ್ ಅವರ ತಂಡ ಐಬಿಎಂ 704 ಅನ್ನೋ ಯಂತ್ರಕ್ಕಾಗಿ ಕಟ್ಟಿದ ಭಾಷೆ ಅದು. ವಿಜ್ಞಾನಿಗಳು, ಎಂಜಿನಿಯರ್‌ಗಳು ತಮ್ಮ ಸೂತ್ರಗಳನ್ನ ಹೆಚ್ಚುಕಡಿಮೆ ಸೂತ್ರದ ರೂಪದಲ್ಲೇ ಬರೆಯೋ ಹಾಗೆ ಮಾಡಿದ್ದು ಅದರ ಹೆಗ್ಗಳಿಕೆ. ಅದರಲ್ಲಿ ಅಂಕಿಗಳ ಸಾಲು ಬೇಕು ಅಂದ್ರೆ ‘ಡೈಮೆನ್ಷನ್’ ಅಂತ ಒಂದು ಸಾಲು ಬರೆದು, ಇದರಲ್ಲಿ 100 ಜಾಗ ಇರಲಿ ಅಂತ ಮೊದಲೇ ಹೇಳಬೇಕಿತ್ತು. ಇದೇ ಅರೇ. 101ನೇದು ಬಂದ್ರೆ? ಅದು ನಿಮ್ಮ ತಲೆನೋವು.

ಆದ್ರೆ ಈ ಪದ್ಧತಿಗೆ ಒಂದು ದೊಡ್ಡ ಲಾಭ ಇದೆ. ಎಲ್ಲ ಜಾಗಗಳೂ ಅಕ್ಕಪಕ್ಕದಲ್ಲೇ ಇರೋದ್ರಿಂದ ಯಾವುದನ್ನೂ ಹುಡುಕಬೇಕಾಗಿಲ್ಲ. ಲೆಕ್ಕ ಹಾಕಿದ್ರೆ ಸಾಕು. ಸಾಲಿನ ಮೊದಲ ಜಾಗ ಮೆಮೊರಿಯಲ್ಲಿ 500ನೇ ವಿಳಾಸದಲ್ಲಿದೆ, ಒಂದೊಂದಕ್ಕೆ ಒಂದೊಂದು ಜಾಗ ಅಂತ ಇಟ್ಕೊಳ್ಳಿ. ಮೊದಲನೆಯದರಿಂದ 40 ಹೆಜ್ಜೆ ಆಚೆ ಇರೋದು ಎಲ್ಲಿ? 540. ಒಂದು ಕೂಡಿಸೋ ಲೆಕ್ಕ, ಮುಗೀತು. 4 ಹೆಜ್ಜೆ ಆಚೆ ಇದ್ರೂ 4,000 ಹೆಜ್ಜೆ ಆಚೆ ಇದ್ರೂ ಖರ್ಚು ಅದೇ.

ನಿಮ್ಮ ಪೈಥಾನ್‌ನಲ್ಲಿ ಚೀಟಿ[2] ಅಂತ ಹೊಡೆದು ನೋಡಿ. 'ಬೆಲ್ಲ' ಥಟ್ಟಂತ ಬರುತ್ತೆ. ಆ ಥಟ್ಟಂತ ಬರೋದರ ಹಿಂದೆ ಇದೇ ಹಳೇ ಕೂಡಿಸೋ ಲೆಕ್ಕ ಇದೆ. ಈ ಮಾತು ನೆನಪಿಡಿ, 8ನೇ ಭಾಗದಲ್ಲಿ ಇಲ್ಲಿಗೇ ವಾಪಸ್ ಬರ್ತೀವಿ.

ಹವಾಮಾನದ ಅಂಕಿ, ಸೇತುವೆಯ ಭಾರದ ಲೆಕ್ಕ, ಇಂಥದ್ದಕ್ಕೆಲ್ಲ ಈ ಉತ್ತರ ಚೆನ್ನಾಗೇ ಸಾಕಿತ್ತು. ಅಲ್ಲಿ ಎಷ್ಟು ಅಂಕಿ ಬರುತ್ತೆ ಅನ್ನೋದು ಸಾಮಾನ್ಯವಾಗಿ ಗೊತ್ತಿರುತ್ತೆ. ಆದ್ರೆ ಅದೇ ಹೊತ್ತಲ್ಲಿ ಮೂರು ಜನ ಬೇರೆ ಥರದ ಕೆಲಸಕ್ಕೆ ಕೈ ಹಾಕಿದ್ರು. ಅವರಿಗೆ ಎಷ್ಟು ಬೇಕಾಗುತ್ತೆ ಅಂತ ಹೇಳೋಕೆ ಸಾಧ್ಯವೇ ಇರಲಿಲ್ಲ.

ಭಾಗ 3/10: ಮಕ್ಕಳ ಕೈಯಲ್ಲಿ ಓಡಿದ ಪ್ರೋಗ್ರಾಂ

ಅವರ ಹೆಸರು ಅಲೆನ್ ನ್ಯೂವೆಲ್, ಕ್ಲಿಫ್ ಶಾ, ಹರ್ಬರ್ಟ್ ಸೈಮನ್. ಶಾ ಅಮೆರಿಕದ ರ್ಯಾಂಡ್ ಕಾರ್ಪೊರೇಷನ್‌ನ ಪ್ರೋಗ್ರಾಮರ್. ಸೈಮನ್ ಪಿಟ್ಸ್‌ಬರ್ಗಿನ ಕಾರ್ನೆಗಿ ಸಂಸ್ಥೆಯ ಪ್ರೊಫೆಸರ್. ಮುಂದೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಇವರೇ.

ಮೂವರಿಗೂ ಒಂದೇ ಹುಚ್ಚು: ಯಂತ್ರ ಬರೀ ಅಂಕಿ ಕೂಡಿಸೋದಲ್ಲ, ತರ್ಕದ ಪ್ರಮೇಯಗಳನ್ನ ಸಾಧಿಸಬೇಕು. ವೈಟ್‌ಹೆಡ್ ಮತ್ತು ರಸೆಲ್ ಬರೆದ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ ಅನ್ನೋ ದಪ್ಪ ಗ್ರಂಥದ ಪ್ರಮೇಯಗಳನ್ನೇ ಆರಿಸ್ಕೊಂಡ್ರು. ಪ್ರೋಗ್ರಾಂ ಹೆಸರು ‘ಲಾಜಿಕ್ ಥಿಯರಿಸ್ಟ್’.

1956ರ ಜನವರಿ. ಪ್ರೋಗ್ರಾಂ ಕಾಗದದ ಮೇಲೆ ರೆಡಿ, ಯಂತ್ರದ ಮೇಲೆ ಇನ್ನೂ ಇಲ್ಲ. ಸೈಮನ್ ಏನು ಮಾಡಿದ್ರು ಗೊತ್ತಾ? ಹೆಂಡತಿ, ಮೂವರು ಮಕ್ಕಳು, ಜೊತೆಗೆ ಕೆಲವು ವಿದ್ಯಾರ್ಥಿಗಳನ್ನ ಸೇರಿಸಿ ಒಬ್ಬೊಬ್ಬರ ಕೈಗೂ ಒಂದೊಂದು ಕಾರ್ಡ್ ಕೊಟ್ರು. ಪ್ರತಿ ಕಾರ್ಡೂ ಪ್ರೋಗ್ರಾಮಿನ ಒಂದು ತುಂಡು. ತಮ್ಮ ಸರದಿ ಬಂದಾಗ ಕಾರ್ಡಲ್ಲಿ ಬರೆದ ಹಾಗೆ ಮಾಡೋದಷ್ಟೇ ಕೆಲಸ. ಯಾರಿಗೂ ಇಡೀ ತರ್ಕ ಗೊತ್ತಿರಬೇಕಾಗಿರಲಿಲ್ಲ. ಕಂಪ್ಯೂಟರ್ ಇಲ್ಲದೇ ಪ್ರೋಗ್ರಾಂ ಓಡ್ತು!

ಆಮೇಲೆ ಇದು ರ್ಯಾಂಡ್‌ನ ಜಾನಿಯಾಕ್ ಯಂತ್ರದ ಮೇಲೆ ಓಡಿ, ಆ ಗ್ರಂಥದ ಎರಡನೇ ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನ ಸಾಧಿಸಿತು.

ಈಗ ನಮ್ಮ ಪ್ರಶ್ನೆಗೆ ಬನ್ನಿ. ಒಂದು ಪ್ರಮೇಯ ಸಾಧಿಸೋವಾಗ ಯಂತ್ರ ಒಂದು ದಾರಿ ಹಿಡಿಯುತ್ತೆ, ಅದರಿಂದ ನಾಲ್ಕು ಉಪಪ್ರಶ್ನೆ ಹುಟ್ಟುತ್ತೆ, ಅದರಲ್ಲೊಂದು ಒಣಗಿ ಹೋಗುತ್ತೆ, ಇನ್ನೊಂದರಿಂದ ಹತ್ತು ಹುಟ್ಟುತ್ತೆ. ಒಟ್ಟು ಎಷ್ಟು? ಪ್ರೋಗ್ರಾಂ ಬರೆದವರಿಗೇ ಗೊತ್ತಿಲ್ಲ. ಗೊತ್ತಿದ್ದಿದ್ರೆ ಪ್ರೋಗ್ರಾಂ ಯಾಕೆ ಬೇಕಿತ್ತು? ‘ಮೊದಲೇ ಹೇಳಿಬಿಡಿ’ ಅನ್ನೋ ಉತ್ತರ ಇಲ್ಲಿ ಕೈಕೊಡ್ತು.

ಭಾಗ 4/10: ‘ನಿಮ್ಮ ಹಿಂದೆ ನಾನು’

ಡಾಕ್ಟರ್ ಶಾಪಲ್ಲಿ ಕ್ಯೂ ಹೇಗಿರುತ್ತೆ ನೆನಪಿಸ್ಕೊಳ್ಳಿ. ಎಲ್ರೂ ಸಾಲಾಗಿ ನಿಂತಿರಲ್ಲ. ಒಬ್ಬರು ಬೆಂಚಲ್ಲಿ, ಒಬ್ಬರು ಮೆಟ್ಟಿಲ ಮೇಲೆ, ಇನ್ನೊಬ್ಬರು ಆಚೆ ಮರದ ನೆರಳಲ್ಲಿ. ಹೊಸದಾಗಿ ಬಂದವರು ‘ಕೊನೇಲಿ ಯಾರು?’ ಅಂತ ಕೇಳಿ, ‘ಸರಿ, ನಿಮ್ಮ ಹಿಂದೆ ನಾನು’ ಅಂತ ಹೇಳಿ ಎಲ್ಲಾದ್ರೂ ಕೂರ್ತಾರೆ. ಒಬ್ಬೊಬ್ಬರಿಗೂ ತಮ್ಮ ನಂತರ ಯಾರು ಅಂತ ಗೊತ್ತಿದ್ರೆ ಸಾಕು, ಕ್ಯೂ ಕೆಡಲ್ಲ.

ಆ ಮೂವರ ಉತ್ತರ ಇದೇ. ಮೆಮೊರಿಯ ಪ್ರತಿ ಕೋಶದಲ್ಲಿ ಎರಡು ವಿಷಯ ಇಡಿ: ಒಂದು ವಸ್ತು, ಇನ್ನೊಂದು ಮುಂದಿನ ಕೋಶದ ವಿಳಾಸ. ಕೋಶಗಳು ಅಕ್ಕಪಕ್ಕ ಇರಲೇಬೇಕು ಅಂತಿಲ್ಲ. ವಿಳಾಸ ಹಿಡ್ಕೊಂಡು ಒಂದರಿಂದ ಇನ್ನೊಂದಕ್ಕೆ ಹೋದ್ರೆ ಆಯ್ತು. ಇದಕ್ಕಾಗಿ ಅವರು ಕಟ್ಟಿದ ಭಾಷೆಯ ಹೆಸರು ಐಪಿಎಲ್. ಕ್ರಿಕೆಟ್ ಅಲ್ಲ 😄 ‘ಇನ್ಫರ್ಮೇಷನ್ ಪ್ರೊಸೆಸಿಂಗ್ ಲ್ಯಾಂಗ್ವೇಜ್’.

ಲಾಭ ಏನು? ಮಧ್ಯದಲ್ಲಿ ಒಬ್ಬರನ್ನ ಸೇರಿಸಬೇಕಾ? ಇಬ್ಬರ ವಿಳಾಸ ಬದಲಾಯಿಸಿದ್ರೆ ಮುಗೀತು, ಮಿಕ್ಕವರು ಕೂತಲ್ಲೇ ಕೂತಿರ್ತಾರೆ. ಊಟದ ಪಂಕ್ತಿಯಲ್ಲಿ ಹೀಗೆ ಮಾಡಕ್ಕಾಗುತ್ತಾ? ಮಧ್ಯದಲ್ಲಿ ಒಬ್ಬರು ಬಂದ್ರೆ ಅಲ್ಲಿಂದಾಚೆ ಎಲ್ರೂ ಎಲೆ ಸಮೇತ ಜರುಗಬೇಕು.

ನಷ್ಟ ಏನು? ‘40ನೇ ಪೇಷಂಟ್ ಯಾರು?’ ಅಂದ್ರೆ ಕೂಡಿಸೋ ಲೆಕ್ಕ ಉಪಯೋಗಕ್ಕೆ ಬರಲ್ಲ. ಮೊದಲನೆಯವರಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಕೇಳ್ತಾ ನಡೀಬೇಕು. ಜೊತೆಗೆ ಪ್ರತಿ ಕೋಶದಲ್ಲೂ ವಿಳಾಸಕ್ಕೆ ಅಂತ ಹೆಚ್ಚುವರಿ ಜಾಗ.

ಇನ್ನೊಂದು ಕಷ್ಟ: ಖಾಲಿ ಕೋಶಗಳನ್ನೆಲ್ಲ ಇನ್ನೊಂದು ಸರಪಳಿಯಲ್ಲಿ ಕಟ್ಟಿಟ್ಟಿರ್ತಿದ್ರು. ಬೇಕಾದಾಗ ಅಲ್ಲಿಂದ ತಗೋಬೇಕು, ಕೆಲಸ ಮುಗಿದ ಮೇಲೆ ವಾಪಸ್ ಸೇರಿಸಬೇಕು. ವಾಪಸ್ ಸೇರಿಸೋ ಜವಾಬ್ದಾರಿ ಪ್ರೋಗ್ರಾಮರ್‌ದೇ. ಮರೆತ್ರೆ ಮೆಮೊರಿ ಸೋರಿ ಹೋಗ್ತಿತ್ತು. ಇನ್ನೂ ಬಳಕೆಯಲ್ಲಿರೋದನ್ನ ಅಪ್ಪಿತಪ್ಪಿ ವಾಪಸ್ ಕೊಟ್ರೆ ಸರಪಳಿ ತುಂಡಾಗ್ತಿತ್ತು.

ಒಂದು ಮಾತು ಇಲ್ಲೇ ಗುರುತು ಹಾಕ್ಕೊಳ್ಳಿ: ಪಂಕ್ತಿಗೂ ಬೆಲೆ ಇದೆ, ಸರಪಳಿಗೂ ಬೆಲೆ ಇದೆ. ಪುಕ್ಕಟೆ ಯಾವುದೂ ಇಲ್ಲ.

ಭಾಗ 5/10: ಮೆಕಾರ್ಥಿ ಮತ್ತು 36 ಬಿಟ್

1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಲ್ಲಿ ಒಂದು ಕೂಟ ನಡೀತು. ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಅನ್ನೋ ಹೆಸರನ್ನ ಜಗತ್ತಿಗೆ ಪರಿಚಯಿಸಿದ್ದು ಅದೇ ಕೂಟ. ನ್ಯೂವೆಲ್, ಸೈಮನ್ ತಮ್ಮ ಐಪಿಎಲ್ ಬಗ್ಗೆ ಹೇಳಿದ್ದನ್ನ ಅಲ್ಲಿ ಕೇಳಿಸ್ಕೊಂಡವರಲ್ಲಿ ಕೂಟದ ಸಂಘಟಕ ಜಾನ್ ಮೆಕಾರ್ಥಿಯೂ ಒಬ್ಬರು.

ಸರಪಳಿಯ ಯೋಚನೆ ಅವರಿಗೆ ಹಿಡಿಸ್ತು. ಐಪಿಎಲ್ ಬರೆಯೋ ರೀತಿ ಹಿಡಿಸಲಿಲ್ಲ, ಅದು ಯಂತ್ರದ ಮಟ್ಟಕ್ಕೆ ತೀರಾ ಹತ್ತಿರ ಇತ್ತು. ಫೋರ್ಟ್ರಾನ್ ಥರ ಸೂತ್ರದ ಹಾಗೆ ಬರೆಯೋಕೆ ಬರಬೇಕು, ಆದ್ರೆ ಒಳಗೆ ಸರಪಳಿ ಇರಬೇಕು. 1958ರಲ್ಲಿ ಎಂಐಟಿ ಸೇರಿದ ಮೇಲೆ ಆ ಭಾಷೆಯ ಕೆಲಸ ಶುರು ಮಾಡಿದ್ರು. ಹೆಸರು ‘ಲಿಸ್ಪ್’, ಅಂದ್ರೆ ಲಿಸ್ಟ್ ಪ್ರೊಸೆಸರ್. 1960ರಲ್ಲಿ ಅದರ ಪ್ರಸಿದ್ಧ ಲೇಖನ ಅಚ್ಚಾಯ್ತು.

ಈಗ ಯಂತ್ರದ ಒಳಗೆ ಇಣುಕಿ ನೋಡಿ. ಐಬಿಎಂ 704ರಲ್ಲಿ ಮೆಮೊರಿಯ ಒಂದು ಕೋಶಕ್ಕೆ 36 ಬಿಟ್. ಅದರಲ್ಲಿ 15 ಬಿಟ್ಟಿನ ‘ಅಡ್ರೆಸ್’ ಭಾಗ, 15 ಬಿಟ್ಟಿನ ‘ಡಿಕ್ರಿಮೆಂಟ್’ ಭಾಗ. 15 ಬಿಟ್ ಅಂದ್ರೆ 32,768 ಬೇರೆ ಬೇರೆ ವಿಳಾಸ ಬರೀಬಹುದು, ಆ ಯಂತ್ರಕ್ಕೆ ಹಾಕಬಹುದಾದ ಪೂರ್ತಿ ಮೆಮೊರಿಗೆ ಸರಿಯಾಗಿ ಸಾಕು. ಅಂದ್ರೆ ಒಂದೇ ಕೋಶದಲ್ಲಿ ಎರಡು ವಿಳಾಸ ಹಿಡಿಸುತ್ತೆ: ಒಂದು ವಸ್ತು ಎಲ್ಲಿದೆ ಅಂತ, ಇನ್ನೊಂದು ಮುಂದಿನ ಕೋಶ ಎಲ್ಲಿದೆ ಅಂತ. ಸರಪಳಿಗೆ ಹೇಳಿ ಮಾಡಿಸಿದ ಹಾಗಿತ್ತು!

ಲಿಸ್ಪ್‌ನಲ್ಲಿ ಲಿಸ್ಟಿನ ಮೊದಲನೇದನ್ನ ತೆಗೆಯೋದಕ್ಕೆ ‘ಕಾರ್’, ಮಿಕ್ಕಿದ್ದನ್ನ ತೆಗೆಯೋದಕ್ಕೆ ‘ಕುಡರ್’ ಅಂತ ಹೆಸರು. ಈ ವಿಚಿತ್ರ ಹೆಸರುಗಳು ಅಡ್ರೆಸ್ ಭಾಗ, ಡಿಕ್ರಿಮೆಂಟ್ ಭಾಗ ಅನ್ನೋದರ ಮೊದಲಕ್ಷರಗಳಿಂದ ಹುಟ್ಟಿದ್ದು. ಆ ಯಂತ್ರ ಮ್ಯೂಸಿಯಂ ಸೇರಿ ಎಷ್ಟೋ ಕಾಲ ಆಯ್ತು, ಆದ್ರೆ ಇವತ್ತಿನ ಲಿಸ್ಪ್ ಕುಟುಂಬದ ಎಷ್ಟೋ ಭಾಷೆಗಳಲ್ಲಿ ಆ ಎರಡು ಹೆಸರು ಹಾಗೇ ಉಳ್ಕೊಂಡಿವೆ. ಹೊಸ ಕೋಶ ಸೇರಿಸೋದಕ್ಕೆ ‘ಕಾನ್ಸ್’.

‘ಲಿಸ್ಟ್’ ಅನ್ನೋ ಪದ ಪ್ರೋಗ್ರಾಮರ್‌ಗಳ ಬಾಯಲ್ಲಿ ನೆಲೆಯೂರಿದ್ದು ಹೀಗೆ. ಆಗ ಅದರ ಅರ್ಥ ಸರಪಳಿ ಅಂತಲೇ.

ಭಾಗ 6/10: ಆರು ಬಿಟ್ ಸಾಲದೇ ಹೋದಾಗ

36ರಲ್ಲಿ 15+15 ಹೋದ್ರೆ ಉಳಿದಿದ್ದು ಬರೀ 6 ಬಿಟ್. ಈ ಆರು ಬಿಟ್ಟಿಂದ ಒಂದು ದೊಡ್ಡ ವಿಷಯ ತೀರ್ಮಾನ ಆಯ್ತು.

ಲಿಸ್ಪ್‌ನಲ್ಲಿ ಎರಡು ಲಿಸ್ಟ್‌ಗಳು ಒಂದೇ ಬಾಲವನ್ನ ಹಂಚ್ಕೋಬಹುದು. ‘ಉಪ್ಪು, ಬೇಳೆ, ಬೆಲ್ಲ’ ಒಂದು ಲಿಸ್ಟ್. ‘ಸಕ್ಕರೆ, ಬೇಳೆ, ಬೆಲ್ಲ’ ಇನ್ನೊಂದು. ಬೇಳೆ, ಬೆಲ್ಲದ ಕೋಶಗಳನ್ನ ಎರಡೆರಡು ಸಲ ಯಾಕೆ ಇಡಬೇಕು? ಉಪ್ಪಿನ ಕೋಶವೂ ಸಕ್ಕರೆ ಕೋಶವೂ ಒಂದೇ ಬೇಳೆ ಕೋಶಕ್ಕೆ ಕೈ ತೋರಿಸಿದ್ರೆ ಆಯ್ತು. ಮೆಮೊರಿ ಉಳೀತು.

ಆದ್ರೆ ಉಪ್ಪಿನ ಲಿಸ್ಟಿನ ಕೆಲಸ ಮುಗೀತು ಅನ್ಕೊಳ್ಳಿ. ಬೇಳೆ ಕೋಶವನ್ನ ವಾಪಸ್ ಕೊಡಬಹುದಾ? ಕೊಟ್ರೆ ಸಕ್ಕರೆಯ ಲಿಸ್ಟ್ ಕೆಟ್ಟುಹೋಗುತ್ತೆ. ಯಾರ್ಯಾರು ಎಲ್ಲೆಲ್ಲಿ ಹಂಚ್ಕೊಂಡಿದ್ದಾರೆ ಅಂತ ಪ್ರೋಗ್ರಾಮರ್ ನೆನಪಿಡೋಕೆ ಆಗಲ್ಲ.

ಒಂದು ದಾರಿ: ಪ್ರತಿ ಕೋಶದಲ್ಲೂ ‘ನನ್ನ ಕಡೆ ಎಷ್ಟು ಜನ ಕೈ ತೋರಿಸ್ತಿದ್ದಾರೆ’ ಅಂತ ಎಣಿಕೆ ಬರೆದಿಡೋದು. ಎಣಿಕೆ ಸೊನ್ನೆ ಆದ ತಕ್ಷಣ ಕೋಶ ಖಾಲಿ. ಆದ್ರೆ ಉಳಿದಿದ್ದು 6 ಬಿಟ್, ಅದೂ ಒಂದೇ ಕಡೆ ಇಲ್ಲ. 6 ಬಿಟ್ಟಲ್ಲಿ 63ರ ತನಕ ಮಾತ್ರ ಎಣಿಸಬಹುದು. ಮೆಕಾರ್ಥಿ ಇನ್ನೊಂದು ದಾರಿ ಹಿಡಿದ್ರು: ಖಾಲಿ ಕೋಶಗಳು ಮುಗಿಯೋ ತನಕ ಸುಮ್ಮನಿರೋದು. ಮುಗಿದಾಗ ಪ್ರೋಗ್ರಾಂ ನಿಲ್ಲಿಸಿ, ಬಳಕೆಯಲ್ಲಿರೋ ಲಿಸ್ಟ್‌ಗಳನ್ನೆಲ್ಲ ಹಿಂಬಾಲಿಸಿ ಗುರುತು ಹಾಕೋದು. ಗುರುತು ಬೀಳದೇ ಇರೋದೆಲ್ಲ ಕಸ, ಗುಡಿಸಿ ವಾಪಸ್ ತಗೊಳ್ಳೋದು. ಇದೇ ‘ಗಾರ್ಬೇಜ್ ಕಲೆಕ್ಷನ್’.

ಇದರ ಬಗ್ಗೆ ಮೆಕಾರ್ಥಿಯವರೇ ಹೇಳ್ಕೊಂಡ ಒಂದು ತಮಾಷೆ ಇದೆ. ಎಂಐಟಿಯಲ್ಲಿ ಕೈಗಾರಿಕಾ ಕಂಪನಿಗಳವರ ಮುಂದೆ ಲಿಸ್ಪ್ ತೋರಿಸ್ತಿದ್ದಾಗ, ಮಧ್ಯದಲ್ಲೇ ಖಾಲಿ ಕೋಶ ಮುಗಿದು ಕಸ ಗುಡಿಸೋ ಕೆಲಸ ಶುರುವಾಯ್ತು. ‘ಗಾರ್ಬೇಜ್ ಕಲೆಕ್ಟರ್ ಬಂದಿದೆ, ಅಂಕಿಅಂಶ ಹೀಗಿದೆ’ ಅನ್ನೋ ಅರ್ಥದ ಉದ್ದದ ಸಂದೇಶವನ್ನ ಟೈಪ್‌ರೈಟರ್ ಸೆಕೆಂಡಿಗೆ ಹತ್ತಕ್ಷರದ ಹಾಗೆ ಕುಟ್ಟೋಕೆ ಹಿಡೀತು. ಗಾರ್ಬೇಜ್ ಕಲೆಕ್ಟರ್ ಅಂದ್ರೇನು ಅಂತ ಸಭೆಗೆ ಯಾರೂ ಹೇಳಿರಲಿಲ್ಲ. ಮಿಕ್ಕಿದ್ದ ಸಮಯ ಪೂರ್ತಿ ಅದಕ್ಕೇ ಹೋಯ್ತು, ಭಾಷಣಕಾರರೂ ಸಭಿಕರೂ ಬಿದ್ದು ಬಿದ್ದು ನಕ್ರು.

ನಗು ಇರಲಿ. ಮೆಮೊರಿ ವಾಪಸ್ ಕೊಡೋ ಹೊರೆ ಮನುಷ್ಯನ ಹೆಗಲಿಂದ ಯಂತ್ರದ ಹೆಗಲಿಗೆ ಹೋಗಿದ್ದು ಇಲ್ಲೇ.

ಭಾಗ 7/10: ಸೊನ್ನೆ ಯಾಕೆ?

ಸರಪಳಿಯನ್ನ ಇಲ್ಲಿಗೆ ಬಿಟ್ಟು ಸ್ವಲ್ಪ ಹೊತ್ತು ಪಂಕ್ತಿಯ ಕಡೆ ಬನ್ನಿ. ಇಂಡೆಕ್ಸ್ ಪ್ರಶ್ನೆಗೆ ಉತ್ತರ ಅಲ್ಲಿದೆ.

ಫೋರ್ಟ್ರಾನ್‌ನಲ್ಲಿ ಎಣಿಕೆ 1ರಿಂದ ಶುರು. ನಾವು ನೀವು ಎಣಿಸೋ ಹಾಗೆ. ಆದ್ರೆ 1967ರಲ್ಲಿ ಕೇಂಬ್ರಿಡ್ಜಿನ ಮಾರ್ಟಿನ್ ರಿಚರ್ಡ್ಸ್ ಕಟ್ಟಿದ ಬಿಸಿಪಿಎಲ್ ಭಾಷೆಯಲ್ಲಿ ಸಾಲಿನ ಮೊದಲನೆಯದು 0. ಅದರಿಂದ ಕೆನ್ ಥಾಂಪ್ಸನ್ ಅವರ ‘ಬಿ’ ಭಾಷೆ ಬಂತು, ಅದರಿಂದ 1970ರ ದಶಕದ ಶುರುವಿನಲ್ಲಿ ಡೆನ್ನಿಸ್ ರಿಚಿ ಅವರ ‘ಸಿ’ ಬಂತು. ನಮ್ಮ ಸಿಲಬಸ್ಸಿಗೆ ಸೊನ್ನೆ ಬಂದಿದ್ದು ಈ ಮನೆತನದ ದಾರಿಯಲ್ಲೇ.

ಕಾರಣ ನಿಮಗೆ ಆಗಲೇ ಗೊತ್ತು, 2ನೇ ಭಾಗದಲ್ಲೇ ಇತ್ತು. ಇಂಡೆಕ್ಸ್ ಅಂದ್ರೆ ‘ಎಷ್ಟನೇದು’ ಅಲ್ಲ, ‘ಶುರುವಿನಿಂದ ಎಷ್ಟು ದೂರ’. ಮೊದಲನೆಯದು ಶುರುವಿನಲ್ಲೇ ಇದೆ, ದೂರ ಸೊನ್ನೆ. ನಾಗಪುರದ ಝೀರೋ ಮೈಲಿಯ ಕಲ್ಲಿನ ಹತ್ತಿರ ನಿಂತವರು ‘ಒಂದನೇ ಮೈಲಿಯಲ್ಲಿದ್ದೀನಿ’ ಅನ್ನಲ್ಲ ತಾನೇ?

ಆದ್ರೆ ಇದು ಬರೀ ಯಂತ್ರದ ಅನುಕೂಲ ಅಲ್ಲ ಅಂತ ವಾದ ಮಾಡಿದವರು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ. 1982ರ ಆಗಸ್ಟ್ 11ರಂದು ಕೈಬರಹದಲ್ಲೇ ಒಂದು ಚಿಕ್ಕ ಟಿಪ್ಪಣಿ ಬರೆದ್ರು. ಅವರ ಮಾತಿನ ತಿರುಳು ಇಷ್ಟು: ಒಂದು ಸಾಲಿನ ತುಂಡನ್ನ ಹೇಳೋವಾಗ ಶುರುವನ್ನ ಸೇರಿಸಿ, ಕೊನೆಯನ್ನ ಬಿಡಿ. ಆಗ ಕೊನೆಯಿಂದ ಶುರು ಕಳೆದ್ರೆ ನೇರವಾಗಿ ಉದ್ದ ಸಿಗುತ್ತೆ. ಒಂದು ತುಂಡಿನ ಕೊನೆಯೇ ಮುಂದಿನ ತುಂಡಿನ ಶುರು ಆಗುತ್ತೆ. ಈ ನಿಯಮದ ಜೊತೆ ಎಣಿಕೆ ಸೊನ್ನೆಯಿಂದ ಇದ್ರೇನೇ ಲೆಕ್ಕ ಚೊಕ್ಕವಾಗಿರುತ್ತೆ.

ಪೈಥಾನ್‌ನಲ್ಲಿ ಈಗ ಪರೀಕ್ಷೆ ಮಾಡಿ:

ಚೀಟಿ[0:2]

'ಅಕ್ಕಿ', 'ಬೇಳೆ' ಬರುತ್ತೆ, 'ಬೆಲ್ಲ' ಬರಲ್ಲ. 2 − 0 = 2, ಎರಡೇ ವಸ್ತು. ಇನ್ನೊಂದು:

ಚೀಟಿ[:1] + ಚೀಟಿ[1:]

ಎಲ್ಲಿ ಕತ್ತರಿಸಿದ್ರೂ ಎರಡೂ ತುಂಡು ಸೇರಿಸಿದ್ರೆ ಪೂರ್ತಿ ಚೀಟಿ ವಾಪಸ್. ಯಾವುದೂ ಬಿಟ್ಟುಹೋಗಲ್ಲ, ಯಾವುದೂ ಎರಡು ಸಲ ಬರಲ್ಲ. ಕೊನೆಯಿಂದ ಎಣಿಸಬೇಕು ಅಂದ್ರೆ ಚೀಟಿ[-1], ಅದು 'ಬೆಲ್ಲ'. ‘ಕೊನೇದು ಯಾಕೆ ಸೇರಲ್ಲ’ ಅಂತ ಇನ್ಮುಂದೆ ಯಾರಾದ್ರೂ ಗೊಣಗಿದ್ರೆ ಈ ಭಾಗ ಶೇರ್ ಮಾಡಿ.

ಭಾಗ 8/10: ಪೈಥಾನ್ ಮಾಡಿದ ಜಾಣತನ

1989ರ ಡಿಸೆಂಬರ್, ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಅನ್ನೋ ಸಂಶೋಧನಾ ಸಂಸ್ಥೆ. ಅಲ್ಲಿ ಕೆಲಸ ಮಾಡ್ತಿದ್ದ ಗೀಡೊ ವಾನ್ ರೋಸಮ್ ಕ್ರಿಸ್ಮಸ್ ರಜೆಯಲ್ಲಿ ಹೊಸ ಭಾಷೆಯೊಂದನ್ನ ಬರೆಯೋಕೆ ಕೂತ್ರು. 1991ರ ಫೆಬ್ರವರಿಯಲ್ಲಿ ಅದು ಹೊರಬಂತು, ಅದೇ ಪೈಥಾನ್. ಅದಕ್ಕೂ ಮೊದಲು ಅವರು ಅದೇ ಸಂಸ್ಥೆಯ ‘ಎಬಿಸಿ’ ಅನ್ನೋ ಕಲಿಕೆಯ ಭಾಷೆಯ ತಂಡದಲ್ಲಿದ್ರು. ಎಬಿಸಿಯ ಲಿಸ್ಟ್ ಬೇರೆ ಥರ: ಒಂದೇ ಬಗೆಯ ವಸ್ತುಗಳನ್ನ ತಾನೇ ಕ್ರಮವಾಗಿ ಜೋಡಿಸಿ ಇಟ್ಕೊಳ್ತಿತ್ತು. ಪೈಥಾನ್ ಲಿಸ್ಟ್ ನೀವು ಹಾಕಿದ ಕ್ರಮದಲ್ಲೇ ಇಡುತ್ತೆ, ಬಗೆ ಬಗೆಯ ವಸ್ತುಗಳನ್ನೂ ಸೇರಿಸ್ಕೊಳ್ಳುತ್ತೆ.

ಹೆಸರು ಲಿಸ್ಟ್. ಬಳಸೋದು ಲಿಸ್ಪ್ ಲಿಸ್ಟಿನಷ್ಟೇ ಸಲೀಸು, ಎಷ್ಟು ಬರುತ್ತೆ ಅಂತ ಮೊದಲೇ ಹೇಳಬೇಕಾಗಿಲ್ಲ. ಆದ್ರೆ ಒಳಗಿರೋದು ಫೋರ್ಟ್ರಾನ್ ಥರದ ಪಂಕ್ತಿ! ಸರಪಳಿಯ ಸೌಕರ್ಯ ಪಂಕ್ತಿಯಲ್ಲಿ ಹೇಗೆ ಬಂತು?

ಒಂದು ಸಣ್ಣ ಉಪಾಯದಿಂದ. ಜಾಗ ತುಂಬಿದಾಗ ಪೈಥಾನ್ ಒಂದೇ ಒಂದು ಜಾಗ ಹೆಚ್ಚು ಕೇಳಲ್ಲ. ಇರೋದರ ಸುಮಾರು ಎಂಟನೇ ಒಂದು ಭಾಗದಷ್ಟು ಹೆಚ್ಚುವರಿ ಜಾಗ ಹಿಡಿದಿಡುತ್ತೆ. ಅಡುಗೆಯವರು ಹೇಳಿದ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಅಕ್ಕಿ ಹಾಕ್ತಾರಲ್ಲ, ಹಾಗೆ. ಅಲ್ಲೂ ಜಾಗ ಸಾಲದಿದ್ರೆ ಇಡೀ ಪಂಕ್ತಿಯನ್ನ ಬೇರೆ ಕಡೆ ಸಾಗಿಸಬೇಕಾಗಬಹುದು. ಆದ್ರೆ ಅದು ಅಪರೂಪಕ್ಕೊಮ್ಮೆ.

ಅಂಕಿ ನೋಡಿ. ಒಂದು ಲಕ್ಷ ವಸ್ತುಗಳನ್ನ ಒಂದೊಂದಾಗಿ ಕೊನೆಗೆ ಸೇರಿಸಿದ್ರೆ, ಸಾಗಿಸೋ ಕೆಲಸ ಎಲ್ಲ ಸೇರಿ ಸುಮಾರು ಹತ್ತು ಲಕ್ಷ ಹೆಜ್ಜೆ ದಾಟಲ್ಲ. ಅದೇ ಒಂದು ಲಕ್ಷವನ್ನ ಪ್ರತಿ ಸಲ ಮೊದಲ ಜಾಗಕ್ಕೆ ಸೇರಿಸಿದ್ರೆ? ಪ್ರತಿ ಸಲವೂ ಇದ್ದವರೆಲ್ಲ ಒಂದೊಂದು ಎಲೆ ಜರುಗಬೇಕು. ಒಟ್ಟು ಸುಮಾರು 500 ಕೋಟಿ ಜರುಗಾಟ!

ಚೀಟಿ += ["ಕಾಫಿಪುಡಿ"] ಅಂದ್ರೆ ಕೊನೆಗೆ ಸೇರಿಸೋದು, ಅಪೆಂಡ್ ಮಾಡೋದೂ ಇದೇ ಕೆಲಸ.
ಚೀಟಿ[0:0] = ["ಉಪ್ಪು"] ಅಂದ್ರೆ ಮೊದಲಿಗೆ ಸೇರಿಸೋದು.

ನೋಡೋಕೆ ಎರಡೂ ಒಂದೊಂದೇ ಸಾಲು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಪದೇ ಪದೇ ಮೊದಲಿಂದ ಸೇರಿಸೋದು, ತೆಗೆಯೋದು ಇದ್ರೆ ಪೈಥಾನ್‌ನಲ್ಲಿ ‘ಡೆಕ್’ ಅಂತ ಬೇರೆ ವ್ಯವಸ್ಥೆ ಇದೆ. ಅದರೊಳಗೆ ಚಿಕ್ಕ ಚಿಕ್ಕ ಪಂಕ್ತಿಗಳನ್ನ ಸರಪಳಿಯಲ್ಲಿ ಕಟ್ಟಿರ್ತಾರೆ. 1956ರ ಯೋಚನೆ ಇನ್ನೂ ಕೆಲಸ ಮಾಡ್ತಾನೇ ಇದೆ.

ಭಾಗ 9/10: ಹೆಸರು ಅಂದ್ರೆ ಡಬ್ಬಿ ಅಲ್ಲ

ಈಗ ಎಲ್ರಿಗೂ ಕಾಟ ಕೊಡೋ ವಿಷಯ. ಹೊಸದಾಗಿ ಶುರು ಮಾಡಿ:

ಚೀಟಿ = ["ಅಕ್ಕಿ", "ಬೇಳೆ", "ಬೆಲ್ಲ"]
ಇನ್ನೊಂದು = ಚೀಟಿ
ಇನ್ನೊಂದು[0] = "ರಾಗಿ"

ಈಗ ಚೀಟಿ[0] ಏನು? 'ರಾಗಿ'. ನೀವು ಮುಟ್ಟಿದ್ದು ‘ಇನ್ನೊಂದು’, ಬದಲಾಗಿದ್ದು ‘ಚೀಟಿ’ಯೂ ಹೌದು!

ಇದನ್ನ ಪೈಥಾನ್‌ನ ತಪ್ಪು ಅನ್ಕೋಬೇಡಿ. ಉಪ್ಪಿನ ಕೋಶ, ಸಕ್ಕರೆ ಕೋಶ ಎರಡೂ ಒಂದೇ ಬೇಳೆ ಕೋಶಕ್ಕೆ ಕೈ ತೋರಿಸಿದ್ದು ನೆನಪಿದೆಯಾ? ಅದೇ ಆಸ್ತಿ ಇಲ್ಲಿಗೂ ಬಂದಿದೆ. ‘ಚೀಟಿ’, ‘ಇನ್ನೊಂದು’ ಅನ್ನೋದು ಎರಡು ಲಿಸ್ಟ್ ಅಲ್ಲ, ಒಂದೇ ಲಿಸ್ಟಿಗೆ ಎರಡು ಹೆಸರು. ಮನೆಯಲ್ಲಿ ಕರೆಯೋ ಹೆಸರು, ಶಾಲೆಯ ಹಾಜರಿಯಲ್ಲಿರೋ ಹೆಸರು ಬೇರೆ ಬೇರೆ ಇದ್ರೂ ಹುಡುಗ ಒಬ್ಬನೇ ಅಲ್ವಾ?

ಬೇರೆ ಪ್ರತಿ ಬೇಕು ಅಂದ್ರೆ ಕೇಳಿ ಪಡೀಬೇಕು:

ಪ್ರತಿ = ಚೀಟಿ[:]

ಈಗ ‘ಪ್ರತಿ’ಯನ್ನ ಏನು ಮಾಡಿದ್ರೂ ‘ಚೀಟಿ’ಗೆ ತಟ್ಟಲ್ಲ. ಆದ್ರೆ ಹುಷಾರು, ಲಿಸ್ಟಿನೊಳಗೆ ಲಿಸ್ಟ್ ಇದ್ರೆ ಇದು ಹೊರಗಿನ ಪಂಕ್ತಿಯನ್ನ ಮಾತ್ರ ಹೊಸದಾಗಿ ಮಾಡುತ್ತೆ. ಒಳಗಿನವು ಹಳೆಯವೇ. ಇದನ್ನ ನೋಡಿ:

ಮನೆ = [[0] * 3] * 3
ಮನೆ[0][0] = 7

ಒಂದೇ ಕಡೆ 7 ಬರಬೇಕಿತ್ತು. ಮೂರೂ ಸಾಲಿನ ಮೊದಲ ಜಾಗದಲ್ಲಿ 7! ಯಾಕಂದ್ರೆ ಅಲ್ಲಿ ಮೂರು ಸಾಲಿಲ್ಲ, ಒಂದೇ ಸಾಲಿಗೆ ಮೂರು ಕಡೆಯಿಂದ ಕೈ ತೋರಿಸಿದ್ದೀರಿ. ಸರಿಯಾದ ದಾರಿ ಮೂರನ್ನೂ ಬೇರೆ ಬೇರೆಯಾಗಿ ಕಟ್ಟೋದು:

ಮನೆ = [[0] * 3, [0] * 3, [0] * 3]

ಚೌಕಾಬಾರ ಆಟದ ಮನೆಗಳನ್ನೋ, ಹಾಜರಿ ಪಟ್ಟಿಯನ್ನೋ, ಅಂಕಪಟ್ಟಿಯನ್ನೋ ಪ್ರಾಜೆಕ್ಟಲ್ಲಿ ಬರೆಯೋವಾಗ ಇದು ಎಡವಟ್ಟು ಮಾಡುತ್ತೆ. ಎರರ್ ಬರಲ್ಲ, ಕೆಂಪು ಅಕ್ಷರ ಕಾಣಲ್ಲ. ಒಬ್ಬರ ಅಂಕ ತಿದ್ದಿದ್ರೆ ಸದ್ದಿಲ್ಲದೇ ಇನ್ನೊಬ್ಬರದ್ದೂ ಬದಲಾಗಿರುತ್ತೆ. ಉತ್ತರ ತಪ್ಪಿದೆ ಅಂತ ಯಾರಿಗೂ ಗೊತ್ತಾಗದೇ ಇರೋದೇ ಇದರಲ್ಲಿ ಭಯ ಪಡಬೇಕಾದ ವಿಷಯ.

ಇನ್ನೊಂದು ಸ್ವಾರಸ್ಯ: ನಾವು ಸಾಮಾನ್ಯವಾಗಿ ಬಳಸೋ ಪೈಥಾನ್, ಮೆಕಾರ್ಥಿ ಜಾಗ ಸಾಲದೇ ಬಿಟ್ಟ ದಾರಿಯನ್ನೇ ಮುಖ್ಯವಾಗಿ ಹಿಡಿದಿದೆ. ಪ್ರತಿ ವಸ್ತುವಿನಲ್ಲೂ ‘ನನ್ನ ಕಡೆ ಎಷ್ಟು ಕೈ’ ಅನ್ನೋ ಎಣಿಕೆ ಇರುತ್ತೆ. 6 ಬಿಟ್ಟಿನ ಬಡತನ ಈಗಿಲ್ಲ. ಆದ್ರೆ ಎರಡು ಲಿಸ್ಟ್ ಪರಸ್ಪರ ಕೈ ತೋರಿಸ್ಕೊಂಡು ಕೂತ್ರೆ ಎಣಿಕೆ ಎಂದೂ ಸೊನ್ನೆ ಆಗಲ್ಲ. ಅಂಥವನ್ನ ಹುಡುಕೋದಕ್ಕೆ ಕಸ ಗುಡಿಸೋ ಕೆಲಸವೂ ಜೊತೆಗೆ ಬೇಕೇ ಬೇಕು. ಎರಡು ದಾರಿಯೂ ಒಂದೇ ಮನೆಯಲ್ಲಿ.

ಭಾಗ 10/10: ಮೂರು ಪ್ರಶ್ನೆ

ಇಷ್ಟು ದೂರ ಬಂದಿದ್ದೀರಿ, ಈಗ ಎಲ್ಲ ಒಟ್ಟಿಗೆ ನೋಡೋಣ.

1957ರಲ್ಲಿ ಫೋರ್ಟ್ರಾನ್ ಕೇಳ್ತಿತ್ತು: ಎಷ್ಟು ಬೇಕು, ಮೊದಲೇ ಹೇಳು. ಐಪಿಎಲ್ ಹೇಳ್ತು: ಹೇಳಬೇಡ, ಆದ್ರೆ ಬಳಸಿದ್ದನ್ನ ನೀನೇ ವಾಪಸ್ ಕೊಡು. ಲಿಸ್ಪ್ ಹೇಳ್ತು: ವಾಪಸ್ ಕೊಡೋದೂ ಬೇಡ, ನಾನೇ ಗುಡಿಸ್ಕೊಳ್ತೀನಿ. ಪೈಥಾನ್ ಹೇಳ್ತು: ಪಂಕ್ತಿಯ ವೇಗವೂ ತಗೋ, ಬೆಳೆಯೋ ಸೌಕರ್ಯವೂ ತಗೋ. ಪ್ರತಿ ಹೆಜ್ಜೆಯಲ್ಲೂ ಮನುಷ್ಯನ ಹೊರೆ ಒಂದಿಷ್ಟು ಯಂತ್ರಕ್ಕೆ ಹೋಯ್ತು.

ಹೊರೆ ಕೈ ಬದಲಾಯ್ತೇ ಹೊರತು ಮಾಯ ಆಗಲಿಲ್ಲ. ಇದೇ ಈ ಹತ್ತು ಭಾಗದ ಸಾರ. ಒಂದು ಸಾಲಿನ ಕೋಡ್ ಹಿಂದೆ 500 ಕೋಟಿ ಜರುಗಾಟ ಇರಬಹುದು. ಒಂದು ‘=’ ಗುರುತಿನ ಹಿಂದೆ ಇಬ್ಬರ ಅಂಕ ಒಟ್ಟಿಗೆ ಬದಲಾಗಬಹುದು. ಭಾಷೆ ಮುಚ್ಚಿಟ್ಟಿದ್ದು ನಮ್ಮ ಅನುಕೂಲಕ್ಕೆ. ಅದು ಅಲ್ಲಿದೆ ಅಂತ ತಿಳಿದಿರಬೇಕಾಗಿರೋದು ನಾವು.

ಲಿಸ್ಟ್ ಬಳಸೋವಾಗ ಮೂರೇ ಪ್ರಶ್ನೆ ಕೇಳ್ಕೊಳ್ಳಿ:

1. ಎಲ್ಲಿ ಸೇರಿಸ್ತಿದ್ದೀನಿ? ಕೊನೆಗಾದ್ರೆ ನಿಶ್ಚಿಂತೆ. ಮೊದಲಿಗೆ, ಮಧ್ಯಕ್ಕೆ ಆದ್ರೆ ಉಳಿದವರೆಲ್ಲ ಜರುಗಬೇಕು. ಹತ್ತಿಪ್ಪತ್ತು ವಸ್ತುಗಳಿದ್ರೆ ಪರವಾಗಿಲ್ಲ, ಲಕ್ಷಗಟ್ಟಲೆ ಇದ್ರೆ ಯೋಚಿಸಿ.

2. ಹೇಗೆ ಹುಡುಕ್ತಿದ್ದೀನಿ? ಎಷ್ಟು ದೂರ ಅಂತ ಗೊತ್ತಿದ್ರೆ ಒಂದು ಕೂಡಿಸೋ ಲೆಕ್ಕ ಸಾಕು. ‘ಬೆಲ್ಲ ಇದೆಯಾ?’ ಅಂತ ಕೇಳಿದ್ರೆ ಮಾತ್ರ ಮೊದಲಿಂದ ಒಂದೊಂದೇ ನೋಡ್ತಾ ಹೋಗಬೇಕು, ಪಂಕ್ತಿಯಾದ್ರೂ ಸರಪಳಿಯಾದ್ರೂ.

3. ಇದು ಹೊಸ ಲಿಸ್ಟಾ, ಹಳೇ ಲಿಸ್ಟಿಗೆ ಹೊಸ ಹೆಸರಾ?

ಇನ್ನು ‘ಅರೇಗೂ ಲಿಂಕ್ಡ್ ಲಿಸ್ಟಿಗೂ ವ್ಯತ್ಯಾಸ ಬರೆಯಿರಿ’ ಅಂತ ಪ್ರಶ್ನೆ ಬಂದ್ರೆ ಪಾಯಿಂಟ್‌ಗಳನ್ನ ಉರು ಹೊಡೀಬೇಡಿ. ಊಟದ ಪಂಕ್ತಿ, ಡಾಕ್ಟರ್ ಶಾಪಿನ ಕ್ಯೂ ಎರಡನ್ನೂ ಕಣ್ಮುಂದೆ ತಂದ್ಕೊಳ್ಳಿ, ಉತ್ತರ ತಾನಾಗಿ ಬರುತ್ತೆ.

ಕಮೆಂಟಲ್ಲಿ ಉತ್ತರಿಸಿ, ರನ್ ಮಾಡದೇ:

ಚೀಟಿ = ["ಅಕ್ಕಿ", "ಬೇಳೆ"]
ಇನ್ನೊಂದು = ಚೀಟಿ
ಚೀಟಿ = ಚೀಟಿ + ["ಬೆಲ್ಲ"]

ಈಗ ‘ಇನ್ನೊಂದು’ ಲಿಸ್ಟಲ್ಲಿ ಬೆಲ್ಲ ಇದೆಯಾ, ಇಲ್ವಾ? ಮೂರನೇ ಸಾಲಲ್ಲಿ + ಬದಲು += ಹಾಕಿದ್ರೆ ಉತ್ತರ ಬದಲಾಗುತ್ತಾ? ಯಾಕೆ ಅಂತಲೂ ಬರೀರಿ. ಸುಳಿವು ಬೇಕಾದ್ರೆ 8 ಮತ್ತು 9ನೇ ಭಾಗ ಇನ್ನೊಮ್ಮೆ ನೋಡಿ. ನಾಳೆ ಲ್ಯಾಬ್ ಇರೋ ಗೆಳೆಯರನ್ನ ಟ್ಯಾಗ್ ಮಾಡಿ.

#ಕನ್ನಡದಲ್ಲಿಕೋಡಿಂಗ್ #ಲಿಸ್ಟಿನಕಥೆ #ಪೈಥಾನ್ #ಕಂಪ್ಯೂಟರ್ಇತಿಹಾಸ